ಕರಿಹಲಗೆಯ ಮೇಲೆ ಒಂದು ವರ್ಷ, ಪಕ್ಕದಲ್ಲಿ ಒಂದು ವರ್ಷ: ತರಗತಿಯ ಸ್ಮಾರ್ಟ್ ಬೋರ್ಡ್ ಬಗ್ಗೆ ಒಂದು ವಿಮರ್ಶೆ

ನಾನು ಗಣಿತ ಮತ್ತು ವಿಜ್ಞಾನ ಕಲಿಸುವ ಪ್ರೌಢಶಾಲೆಯ ಕೊಠಡಿಗೆ 75 ಇಂಚಿನ ಸ್ಪರ್ಶಪರದೆಯೊಂದು ಬಂದು ಎರಡು ಶೈಕ್ಷಣಿಕ ವರ್ಷಗಳು ಕಳೆದಿವೆ. ಮಾರುವವರು ಇದನ್ನು ಇಂಟರ್‌ಆ್ಯಕ್ಟಿವ್ ಪ್ಯಾನೆಲ್ ಎನ್ನುತ್ತಾರೆ, ಮಕ್ಕಳು ಸ್ಮಾರ್ಟ್ ಬೋರ್ಡ್ ಎನ್ನುತ್ತಾರೆ. ಮೊದಲ ವರ್ಷ ಅದನ್ನು ಕರಿಹಲಗೆಯ ನಟ್ಟನಡುವೆ ಗೋಡೆಗೆ ಬಿಗಿಯಲಾಗಿತ್ತು. ಎರಡನೆಯ ವರ್ಷ ಗಾಲಿಗಳಿರುವ ಸ್ಟ್ಯಾಂಡಿಗೆ ಬದಲಾಯಿಸಿ ಕರಿಹಲಗೆಯ ಪಕ್ಕಕ್ಕೆ ಸರಿಸಲಾಯಿತು. ಉಪಕರಣ ಅದೇ, ಕಲಿಸುವವನು ನಾನೇ, ಪಾಠಗಳೂ ಬಹುಪಾಲು ಅವೇ. ಹಾಗಿದ್ದರೂ ಆ ಎರಡು ವರ್ಷಗಳ ತರಗತಿಗಳು ಎರಡು ಬೇರೆ ಶಾಲೆಗಳ ತರಗತಿಗಳಂತಿದ್ದವು. ಈ ವಿಮರ್ಶೆಗೆ ಆ ವ್ಯತ್ಯಾಸವೇ ಕಾರಣ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಒಂದು ಕಂಪನಿಯವಲ್ಲ, ಈ ಬಗೆಯ ಉಪಕರಣದವೇ.

ಮೊದಲು ಉಪಕರಣದ ಪರಿಚಯ. ಪರದೆಯ ಅಗಲ ಸುಮಾರು 166 ಸೆಂಟಿಮೀಟರ್, ಎತ್ತರ ಸುಮಾರು 93 ಸೆಂಟಿಮೀಟರ್. ಚಿತ್ರದ ಸ್ಪಷ್ಟತೆ 3840 × 2160 ಬಿಂದುಗಳು. ಗಾಜಿನ ಸುತ್ತಲಿನ ಚೌಕಟ್ಟಿನಿಂದ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಜಾಲವೊಂದು ಗಾಜಿನ ಮೇಲ್ಮೈಗೆ ಅಂಟಿಕೊಂಡಂತೆ ಹಾಯುತ್ತಿರುತ್ತದೆ. ಬೆರಳೋ ಕಡ್ಡಿಯೋ ಆ ಕಿರಣಗಳನ್ನು ತಡೆದಾಗ, ತಡೆದ ಜಾಗವನ್ನು ಲೆಕ್ಕಹಾಕಿ ಪರದೆ ಅಲ್ಲಿ ಗೆರೆ ಎಳೆಯುತ್ತದೆ. ಈ ವಿಧಾನಕ್ಕೆ ವಿಶೇಷ ಪೆನ್ನು ಬೇಕಿಲ್ಲ ಎಂಬುದು ಅನುಕೂಲ. ಆದರೆ ಕಿರಣಗಳು ಗಾಜಿಗಿಂತ ಒಂದೆರಡು ಮಿಲಿಮೀಟರ್ ಮುಂದೆ ಹಾಯುವುದರಿಂದ ಪೆನ್ನು ಗಾಜನ್ನು ಮುಟ್ಟುವ ಮೊದಲೇ ಗೆರೆ ಆರಂಭವಾಗುತ್ತದೆ, ಎತ್ತಿದ ಮೇಲೂ ಒಂದು ಕ್ಷಣ ಮುಂದುವರಿಯುತ್ತದೆ. ದೊಡ್ಡ ಅಂಕಿಗಳಿಗೆ ಇದು ಅಡ್ಡಿಯಲ್ಲ. ಕನ್ನಡದಲ್ಲಿ ಬರೆಯುವಾಗ ಮಾತ್ರ ತಲೆಕಟ್ಟಿನ ಬಾಲ ಕೊಂಬಿಗೆ ತಗುಲಿ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿ, ‘ಸ್ಪರ್ಶಕ’ ಎಂಬ ಒಂದು ಪದವನ್ನು ಓದುವಂತೆ ಬರೆಯಲು ಸೀಮೆಸುಣ್ಣದಲ್ಲಿ ಹಿಡಿಯುವ ಸಮಯದ ಎರಡರಷ್ಟು ಹಿಡಿಯುತ್ತದೆ. ಅಂಗಿಯ ತೋಳು ತಾಗಿದರೆ ಅದನ್ನೂ ಪರದೆ ಬರವಣಿಗೆಯೆಂದೇ ತಿಳಿಯುತ್ತದೆ. ಬರೆಯುವ ಹಲಗೆಯಾಗಿ ಇದು ಸಾಧಾರಣ ಉಪಕರಣ ಎಂಬುದು ನನ್ನ ತೀರ್ಮಾನ.

ತೋರಿಸುವ ಸಾಧನವಾಗಿ ಇದರ ಶಕ್ತಿ ಬೇರೆಯೇ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯವನ್ನು ನಾನು ಹಲವು ವರ್ಷ ಕೈವಾರದಿಂದ ಒಂದು ಚಿತ್ರ ಬರೆದು ಕಲಿಸಿದ್ದೇನೆ. ಒಂದು ಚಿತ್ರ ಒಂದೇ ಸಂದರ್ಭವನ್ನು ತೋರಿಸುತ್ತದೆ. ಉಳಿದ ಅಸಂಖ್ಯ ಸಂದರ್ಭಗಳನ್ನು ಮಗು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಜಿಯೋಜಿಬ್ರಾ ತಂತ್ರಾಂಶದಲ್ಲಿ ಅದೇ ಚಿತ್ರವನ್ನು ಕಟ್ಟಿ, ವೃತ್ತದ ಮೇಲಿನ ಬಿಂದುವನ್ನು ವಿದ್ಯಾರ್ಥಿನಿಯೊಬ್ಬಳ ಬೆರಳಿಗೆ ಕೊಟ್ಟಾಗ, ತ್ರಿಭುಜ ಹಿಗ್ಗಿ ಕುಗ್ಗಿ ವಾಲಿದರೂ ಅಳತೆ 90 ಡಿಗ್ರಿಯಲ್ಲಿಯೇ ನಿಂತಿತು. ಆಗ ಕೊಠಡಿಯಲ್ಲಿ ಎದ್ದ ‘ಏಕೆ?’ ಎಂಬ ಪ್ರಶ್ನೆ ನಾನು ಕೇಳಿಸಿದ್ದಲ್ಲ, ತಾನಾಗಿ ಬಂದದ್ದು. ಸಾಧನೆ, ಅಂದರೆ ಪ್ರಮೇಯ ಏಕೆ ನಿಜ ಎಂಬುದರ ತಾರ್ಕಿಕ ನಿರೂಪಣೆ, ಬೇಕೆಂಬ ಹಸಿವು ಮೊದಲು ಹುಟ್ಟಿ, ಸಾಧನೆ ಆಮೇಲೆ ಬಂದ ಅಪರೂಪದ ತರಗತಿ ಅದು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ತಮ್ಮ ಸ್ನಾತಕೋತ್ತರ ಅಧ್ಯಯನದ ಭಾಗವಾಗಿ ಆರಂಭಿಸಿದ ಈ ತಂತ್ರಾಂಶ ತರಗತಿಯ ಬಳಕೆಗೆ ಉಚಿತವಾಗಿ ಸಿಗುತ್ತದೆ. ವರ್ಗ ಬಹುಪದೋಕ್ತಿಯ ನಕ್ಷೆಯಲ್ಲಿ ಮೊದಲ ಸಹಗುಣಕವನ್ನು, ಅಂದರೆ x²ನ ಮುಂದಿನ ಸಂಖ್ಯೆಯನ್ನು, ನಿಧಾನವಾಗಿ ಇಳಿಸುತ್ತ ಬಂದಾಗ ಪರವಲಯ ಅಗಲವಾಗಿ, ಸೊನ್ನೆಯಲ್ಲಿ ಸರಳರೇಖೆಯಾಗಿ, ಆಮೇಲೆ ಬೋರಲಾಗಿ ತಿರುಗುವುದನ್ನು ಒಮ್ಮೆ ಕಂಡ ಮಗು ‘ಸೊನ್ನೆಯಾಗಬಾರದು’ ಎಂಬ ನಿಬಂಧನೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ವಿಜ್ಞಾನದಲ್ಲಿ ಇದೇ ಕೆಲಸವನ್ನು ಫೆಟ್ ಎಂಬ ಅನುಕರಣ ಪ್ರಯೋಗಗಳು ಮಾಡಿದವು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಇವನ್ನು ಆರಂಭಿಸಿದರು; ಇವೂ ಉಚಿತ. ವಿದ್ಯುನ್ಮಂಡಲದ ಪಾಠದಲ್ಲಿ ಮಕ್ಕಳಿಗೆ ಬಹಳ ಆಳವಾಗಿ ಬೇರೂರಿರುವ ಒಂದು ತಪ್ಪು ಕಲ್ಪನೆ ಇದೆ: ಬಲ್ಬು ವಿದ್ಯುತ್ ಪ್ರವಾಹವನ್ನು ‘ತಿಂದುಬಿಡುತ್ತದೆ’, ಆದ್ದರಿಂದ ಬಲ್ಬನ್ನು ದಾಟಿದ ಮೇಲೆ ಪ್ರವಾಹ ಕಡಿಮೆಯಾಗುತ್ತದೆ ಎಂಬುದು. ಬಲ್ಬಿನ ಎರಡೂ ಕಡೆ ಅಮ್ಮೀಟರ್ ಇಟ್ಟು ಒಂದೇ ಅಳತೆ ತೋರಿಸಿದರೂ ಈ ಕಲ್ಪನೆ ಕರಗುವುದಿಲ್ಲ; ಮೀಟರ್ ಸರಿಯಿಲ್ಲ ಎಂದು ಹೇಳಿದ ಮಕ್ಕಳನ್ನೂ ನಾನು ಕಂಡಿದ್ದೇನೆ. ಪರದೆಯ ಮೇಲೆ ತಂತಿಯೊಳಗಿನ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಬಲ್ಬಿನ ಎರಡೂ ಬದಿ ಒಂದೇ ವೇಗದಲ್ಲಿ ಸಾಗುವುದನ್ನು, ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದ ಕೂಡಲೇ ಇಡೀ ಸಾಲು ನಿಧಾನವಾಗುವುದನ್ನು ನೋಡಿದಾಗ ಹಲವರ ಮುಖದಲ್ಲಿ ಬದಲಾವಣೆ ಕಂಡಿತು. ಒಂದು ಎಚ್ಚರಿಕೆ ಅಗತ್ಯ. ಮೊದಲು ‘ಏನಾಗುತ್ತದೆ’ ಎಂದು ಪ್ರತಿಯೊಬ್ಬರಿಂದ ಪುಸ್ತಕದಲ್ಲಿ ಬರೆಯಿಸಿಕೊಳ್ಳದೆ ನೇರವಾಗಿ ತೋರಿಸಿದ ದಿನಗಳಲ್ಲಿ ಮಕ್ಕಳು ಚುಕ್ಕೆಗಳ ಓಟವನ್ನು ಸಂತೋಷದಿಂದ ನೋಡಿದರು, ಮರುದಿನ ಅದೇ ತಪ್ಪು ಕಲ್ಪನೆಯೊಂದಿಗೆ ಮರಳಿದರು. ಹಾಗೆಯೇ, ಪರದೆಯ ಮೇಲಿನ ಬ್ಯಾಟರಿ ಎಂದೂ ಸೋರುವುದಿಲ್ಲ, ತಂತಿ ಎಂದೂ ಸಡಿಲಗೊಳ್ಳುವುದಿಲ್ಲ. ನಿಜವಾದ ಬಲ್ಬು, ತಂತಿ, ಸೆಲ್ಲುಗಳನ್ನು ಕೈಯಲ್ಲಿ ಹಿಡಿದು ಪರದಾಡಿದ ನಂತರವೇ ಈ ಅನುಕರಣೆಗೆ ಅರ್ಥ ಬರುತ್ತದೆ.

ಇಷ್ಟು ಸಮರ್ಥವಾದ ಉಪಕರಣ ಮೊದಲ ವರ್ಷ ನಮ್ಮ ತರಗತಿಯನ್ನು ಏಕೆ ದುರ್ಬಲಗೊಳಿಸಿತು ಎಂಬುದು ನನಗೆ ತಿಳಿದದ್ದು ತಡವಾಗಿ. ನಮ್ಮ ಕರಿಹಲಗೆ ಸುಮಾರು ನಾಲ್ಕು ಮೀಟರ್ ಉದ್ದವಿದೆ. ಪ್ರಮೇಯವೊಂದರ ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆಯ ಎಲ್ಲ ಹಂತಗಳು ಎಡದಿಂದ ಬಲಕ್ಕೆ ಹರಡಿಕೊಂಡು ನಲವತ್ತು ನಿಮಿಷ ಅಲ್ಲಿಯೇ ಇರುತ್ತವೆ. ನಾನು ಐದನೆಯ ಹಂತದಲ್ಲಿದ್ದಾಗ ಎರಡನೆಯ ಹಂತದಲ್ಲಿ ಸಿಕ್ಕಿಕೊಂಡಿರುವ ಮಗು ಯಾರ ಅನುಮತಿಯನ್ನೂ ಕೇಳದೆ ಕಣ್ಣು ಹಿಂದಕ್ಕೆ ಹೊರಳಿಸಿ, ಅರ್ಥಮಾಡಿಕೊಂಡು, ಮತ್ತೆ ನನ್ನನ್ನು ಬಂದು ಸೇರಬಹುದು. ಪರದೆಯಲ್ಲಿ ಜಾಗ ತುಂಬಿದ ಕೂಡಲೇ ಹೊಸ ಪುಟ ತೆರೆಯಬೇಕು. ಹಳೆಯ ಪುಟ ಯಂತ್ರದ ನೆನಪಿನಲ್ಲಿ ಭದ್ರವಾಗಿರುತ್ತದೆ, ಮಕ್ಕಳ ಕಣ್ಣೆದುರು ಇರುವುದಿಲ್ಲ. ಒಬ್ಬನಿಗಾಗಿ ಹಿಂದಿನ ಪುಟಕ್ಕೆ ಹೋದರೆ ಉಳಿದವರ ಎಳೆ ತಪ್ಪುತ್ತದೆ. ಎರಡು ಮೂರು ವಾರಗಳಲ್ಲಿ ಮಕ್ಕಳು ‘ಸರ್, ಹಿಂದಿನ ಪುಟ’ ಎಂದು ಕೇಳುವುದನ್ನೇ ಬಿಟ್ಟರು. ಎಲ್ಲರಿಗೂ ಅರ್ಥವಾಗುತ್ತಿದೆ ಎಂದು ಆ ಮೌನವನ್ನು ನಾನು ಓದಿಕೊಂಡೆ. ಕಿರುಪರೀಕ್ಷೆಯ ಉತ್ತರಗಳನ್ನು ನೋಡಿದಾಗ ಮೊದಲ ಹಂತವೂ ಕೊನೆಯ ಹಂತವೂ ಸರಿಯಾಗಿದ್ದು ನಡುವಿನ ತರ್ಕ ಪೂರ್ತಿ ಮಾಯವಾಗಿದ್ದ ಸಾಧನೆಗಳು ಸಾಲುಸಾಲಾಗಿ ಸಿಕ್ಕವು. ಆ ಮಕ್ಕಳಿಗೆ ನಾನು ಮಾಡಿದ ನಷ್ಟ ಅದು, ಇಂದಿಗೂ ನನ್ನನ್ನು ಕಾಡುತ್ತದೆ.

ವೇಗದ ಪ್ರಶ್ನೆಯೂ ಇದರ ಜೊತೆಗೆ ಬರುತ್ತದೆ. ಸೀಮೆಸುಣ್ಣದಲ್ಲಿ ಬರೆಯುವ ಅಧ್ಯಾಪಕ ತನ್ನ ಕೈಯ ವೇಗವನ್ನು ಮೀರಲಾರ, ಆ ವೇಗ ನೋಡಿ ಬರೆದುಕೊಳ್ಳುವ ಮಗುವಿನ ವೇಗಕ್ಕೆ ಹತ್ತಿರವಾಗಿಯೇ ಇರುತ್ತದೆ. ಸಿದ್ಧಪಡಿಸಿದ ಸ್ಲೈಡ್ ಒಂದು ಬೆರಳಿನ ಸನ್ನೆಗೆ ಆರು ಸಾಲುಗಳನ್ನು ಒಟ್ಟಿಗೆ ಮುಂದಿಡುತ್ತದೆ. ಮೊದಲ ವರ್ಷ ನನ್ನ ಪಾಠಗಳು ನಿಗದಿತ ದಿನಕ್ಕಿಂತ ಎರಡು ವಾರ ಮೊದಲೇ ಮುಗಿದಾಗ ಅದನ್ನು ಉಪಕರಣದ ಲಾಭಗಳ ಪಟ್ಟಿಯಲ್ಲಿ ಬರೆದಿದ್ದೆ. ಈಗ ಅದನ್ನು ಅಳಿಸಿದ್ದೇನೆ.

ಹೊಸ ಯಂತ್ರ ಬಂದಾಗಲೆಲ್ಲ ಶಾಲೆ ಬದಲಾಗಿಬಿಡುತ್ತದೆ ಎಂಬ ಭರವಸೆ ಹಳೆಯದು. ಚಲನಚಿತ್ರದಿಂದಾಗಿ ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುತ್ತವೆ ಎಂದು ಥಾಮಸ್ ಎಡಿಸನ್ 1913ರಲ್ಲಿಯೇ ನುಡಿದಿದ್ದರು. ಅದಾಗಿ ನೂರು ವರ್ಷಗಳ ಮೇಲೆ, 2015ರಲ್ಲಿ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ತಾನು ಹಲವು ದೇಶಗಳಲ್ಲಿ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪಿಸಾ ಪರೀಕ್ಷೆಯ ಮಾಹಿತಿಯನ್ನು ಆಧರಿಸಿ ಪ್ರಕಟಿಸಿದ ವರದಿ, ಶಾಲೆಗಳ ಗಣಕ ಸೌಲಭ್ಯಕ್ಕೆ ಹೆಚ್ಚು ಹೂಡಿಕೆ ಮಾಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನಗಳ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿಲ್ಲ ಎಂದು ಹೇಳಿತು. ಶಾಲೆಯಲ್ಲಿ ಗಣಕಯಂತ್ರವನ್ನು ಮಿತವಾಗಿ ಬಳಸುವ ಮಕ್ಕಳು ಅಪರೂಪಕ್ಕೆ ಬಳಸುವವರಿಗಿಂತ ತುಸು ಮುಂದಿದ್ದರು, ಅತಿಯಾಗಿ ಬಳಸುವವರು ಬಹಳ ಹಿಂದಿದ್ದರು ಎಂಬ ಮಾತೂ ಅದೇ ವರದಿಯಲ್ಲಿದೆ. ಇಡೀ ದೇಶಗಳ ಸರಾಸರಿಯಿಂದ ಒಂದು ಕೊಠಡಿಯ ಬಗ್ಗೆ ತೀರ್ಪು ಕೊಡಲಾಗದು ಎಂಬುದನ್ನು ಬಲ್ಲೆ. ಆದರೆ ಆ ಕೊನೆಯ ವಾಕ್ಯವನ್ನು ಓದಿದಾಗ ನನ್ನ ಎರಡು ವರ್ಷಗಳನ್ನೇ ಯಾರೋ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದಂತಾಯಿತು.

ಪರದೆಯ ಮೇಲೆ ಬರೆದುದೆಲ್ಲವನ್ನೂ ಒಂದು ಕಡತವಾಗಿ ಉಳಿಸಿ ಮಕ್ಕಳಿಗೆ ಕಳುಹಿಸಬಹುದು ಎಂಬುದನ್ನು ಮಾರುವವರು ಬಹಳ ಒತ್ತಿ ಹೇಳುತ್ತಾರೆ. ಅನಾರೋಗ್ಯದಿಂದ ಒಂದು ವಾರ ಮನೆಯಲ್ಲಿದ್ದ ವಿದ್ಯಾರ್ಥಿಗೆ ಇದರಿಂದ ಆದ ಸಹಾಯ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಕಡತ ಹೇಗೂ ಸಂಜೆ ಬರುತ್ತದೆ ಎಂದು ಗೊತ್ತಾದ ಮೇಲೆ ತರಗತಿಯಲ್ಲಿದ್ದವರು ಬರೆಯುವುದನ್ನು ನಿಲ್ಲಿಸಿದರು. ಕೈಯಿಂದ ಟಿಪ್ಪಣಿ ಮಾಡುವುದು ಲ್ಯಾಪ್‌ಟಾಪಿನಲ್ಲಿ ಮಾಡುವುದಕ್ಕಿಂತ ಮೇಲು ಎಂದು 2014ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದು ಹೇಳಿತ್ತು. ನಂತರ ಅದನ್ನು ಮರುಪರೀಕ್ಷಿಸಿದವರಿಗೆ ಅಷ್ಟು ಸ್ಪಷ್ಟವಾದ ಫಲಿತಾಂಶ ದೊರೆಯಲಿಲ್ಲ. ಆದ್ದರಿಂದ ಆ ವಾದವನ್ನು ಇಲ್ಲಿ ಎಳೆದು ತರುವುದಿಲ್ಲ. ನನ್ನ ತಕರಾರು ಇನ್ನೂ ಸರಳವಾದುದು: ಅವರು ಯಾವ ಬಗೆಯಲ್ಲಿಯೂ ಟಿಪ್ಪಣಿ ಮಾಡುತ್ತಿರಲಿಲ್ಲ. ಎರಡನೆಯ ವರ್ಷದಿಂದ ಗೈರುಹಾಜರಾದವರಿಗೆ ಮಾತ್ರ ಕಡತ ಕಳುಹಿಸುತ್ತಿದ್ದೇನೆ.

ದೀರ್ಘ ಓದಿಗೆ ಪರದೆಯನ್ನು ಬಳಸುವುದನ್ನೂ ಬಿಟ್ಟಿದ್ದೇನೆ. 2018ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ವಿಶ್ಲೇಷಣೆಯೊಂದು, ಮಾಹಿತಿ ನೀಡುವ ಬರಹಗಳನ್ನು, ಅದರಲ್ಲೂ ಸಮಯದ ಮಿತಿಯೊಳಗೆ ಓದುವಾಗ, ಕಾಗದದ ಮೇಲೆ ಓದಿದವರಿಗೇ ಹೆಚ್ಚು ಅರ್ಥವಾಗುತ್ತದೆ ಎಂದು ತೋರಿಸಿದೆ. ನಮ್ಮ ಪಠ್ಯಪುಸ್ತಕದ ಪಾಠಗಳೆಲ್ಲವೂ ಆ ಬಗೆಯ ಬರಹಗಳೇ.

ಇನ್ನೊಂದು ಕಡೆ, ಈ ಪರದೆ ಇಲ್ಲದೆ ಕೆಲವು ಮಕ್ಕಳಿಗೆ ನ್ಯಾಯ ಒದಗಿಸಲಾಗುತ್ತಿರಲಿಲ್ಲ. ದೃಷ್ಟಿ ಮಂದವಾಗಿರುವ ವಿದ್ಯಾರ್ಥಿನಿಯೊಬ್ಬಳು ಮೊದಲ ಬೆಂಚಿನಲ್ಲಿ ಕುಳಿತರೂ ಕರಿಹಲಗೆಯ ಅಕ್ಷರಗಳನ್ನು ಗುರುತಿಸಲಾಗದೆ ಪಕ್ಕದವಳ ಪುಸ್ತಕವನ್ನು ನೋಡಿ ಬರೆಯುತ್ತಿದ್ದಳು. ಪರದೆಯ ಮೇಲಿರುವುದನ್ನು ಅವಳ ಮುಂದಿನ ಚಿಕ್ಕ ಟ್ಯಾಬ್ಲೆಟ್ಟಿನಲ್ಲಿ ಏಕಕಾಲಕ್ಕೆ ಮೂಡಿಸಿ, ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳನ್ನು ಅವಳಿಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವಂತೆ ಹೊಂದಿಸಿದ ಮೇಲೆ ಅವಳು ಮೊದಲ ಬಾರಿಗೆ ತರಗತಿಯ ಜೊತೆಜೊತೆಯಲ್ಲಿ ಲೆಕ್ಕ ಮಾಡಿದಳು, ಒಂದು ದಿನ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಕಿವಿ ಸರಿಯಾಗಿ ಕೇಳಿಸದ ಇನ್ನೊಬ್ಬನಿಗೆ ವಿಡಿಯೊಗಳ ಕೆಳಗಿನ ಬರಹ ಹೀಗೆಯೇ ದಾರಿಯಾಯಿತು. ತಂತ್ರಜ್ಞಾನದ ಪರ ಮತ್ತು ವಿರೋಧದ ಚರ್ಚೆಗಳಲ್ಲಿ ಈ ಮಕ್ಕಳನ್ನು ಕೊನೆಯ ಸಾಲಿನಲ್ಲಿ ನೆನೆಯುವುದು ನನಗೆ ಒಪ್ಪಿಗೆಯಿಲ್ಲ. ಅಗತ್ಯವಿರುವ ಒಂದೇ ಒಂದು ಮಗು ತರಗತಿಯಲ್ಲಿದ್ದರೂ ಉಪಕರಣ ಕೊಳ್ಳಲು ಅಷ್ಟು ಸಾಕು.

ಪ್ರಶ್ನೋತ್ತರದ ಆ್ಯಪ್‌ಗಳ ಬಗ್ಗೆ ನನ್ನ ಮೆಚ್ಚುಗೆಗೆ ಷರತ್ತುಗಳಿವೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬೆಳೆಸಿದ ಕ್ರಮದಲ್ಲಿ, ವಿದ್ಯಾರ್ಥಿಗಳು ಪ್ರಶ್ನೆಗೆ ಮೊದಲು ಒಬ್ಬೊಬ್ಬರಾಗಿ ಉತ್ತರಿಸಿ, ನಂತರ ಪಕ್ಕದವರೊಂದಿಗೆ ವಾದಿಸಿ, ಮತ್ತೊಮ್ಮೆ ಉತ್ತರಿಸುತ್ತಾರೆ. ಇದೇ ಕ್ರಮವನ್ನು ನಾನು ಆ್ಯಪ್ ಮೂಲಕ ನಡೆಸುತ್ತೇನೆ. ಮೂವತ್ತೈದು ಮಕ್ಕಳ ಉತ್ತರಗಳು ಕ್ಷಣದಲ್ಲಿ ಕಂಬನಕ್ಷೆಯಾಗಿ ಮೂಡಿದಾಗ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದೆ ಹೋಗಬೇಕು ಎಂಬುದು ನನಗೆ ಕೂಡಲೇ ಗೊತ್ತಾಗುತ್ತದೆ. ಆದರೆ ಅದೇ ಆ್ಯಪ್ ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಟ್ಟು, ಮೊದಲ ಐವರ ಹೆಸರನ್ನು ಸಂಗೀತದೊಂದಿಗೆ ಮೆರೆಸುತ್ತದೆ. ನಿಧಾನವಾಗಿ ಯೋಚಿಸುವ, ಆದರೆ ಆಳವಾಗಿ ಯೋಚಿಸುವ ಮಕ್ಕಳು ಎರಡನೆಯ ವಾರದಿಂದ ಕಣ್ಣುಮುಚ್ಚಿ ಯಾವುದೋ ಒಂದು ಬಟನ್ ಒತ್ತುತ್ತಿದ್ದರು. ಸಮಯದ ಅಂಕ, ಹೆಸರುಪಟ್ಟಿ, ಸಂಗೀತ ಮೂರನ್ನೂ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದ ಮೇಲೆ ಆ್ಯಪ್ ನೀರಸವಾಯಿತು ಎಂದು ಕೆಲವರು ಗೊಣಗಿದರು, ವಾದ ಮಾತ್ರ ಬೆಂಚುಗಳ ನಡುವೆ ನಿಜವಾಗಿ ಆರಂಭವಾಯಿತು.

ದಿನನಿತ್ಯದ ತೊಂದರೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಪರದೆ ಪೂರ್ತಿ ಸಿದ್ಧವಾಗಲು ಒಂದೂವರೆ ನಿಮಿಷ ಬೇಕು; ಅವಧಿ ಆರಂಭವಾಗುವ ಮೊದಲೇ ಹಚ್ಚಿಡದಿದ್ದರೆ ಆ ಒಂದೂವರೆ ನಿಮಿಷದಲ್ಲಿ ತರಗತಿಯ ಗಮನ ಚದುರಿ, ಮರಳಿ ಸೇರಲು ಐದು ನಿಮಿಷ ಹಿಡಿಯುತ್ತದೆ. ಎರಡು ಬಾರಿ ಪಾಠದ ನಡುವೆ ಸಾಫ್ಟ್‌ವೇರ್ ನವೀಕರಣ ಆರಂಭವಾಯಿತು. ಕಿಟಕಿಯ ಬೆಳಕು ಗಾಜಿಗೆ ಬಿದ್ದ ಬೆಳಗಿನ ಅವಧಿಗಳಲ್ಲಿ ಎಡಬದಿಯ ಎರಡು ಸಾಲಿನವರಿಗೆ ಪ್ರತಿಬಿಂಬವಲ್ಲದೆ ಬೇರೇನೂ ಕಾಣುತ್ತಿರಲಿಲ್ಲ, ಕಿಟಕಿಗೆ ಬಟ್ಟೆ ಕಟ್ಟಿದ ಮೇಲೆ ಕೊಠಡಿ ಕತ್ತಲಾಗಿ ಪುಸ್ತಕ ಓದುವುದು ಕಷ್ಟವಾಯಿತು. ವಿಡಿಯೊ ಮುಗಿದ ಕೂಡಲೇ ಸಂಬಂಧವಿಲ್ಲದ ಮತ್ತೊಂದು ವಿಡಿಯೊದ ಆಕರ್ಷಕ ಚಿತ್ರ ಮೂಡುವುದನ್ನು ತಡೆಯಲು ಪ್ರತಿ ವಿಡಿಯೊವನ್ನೂ ಮೊದಲೇ ಇಳಿಸಿಟ್ಟುಕೊಳ್ಳಬೇಕಾಯಿತು. ಇವೆಲ್ಲವೂ ಅಭ್ಯಾಸದಿಂದ ಸರಿಹೋಗುವಂಥವು. ಸರಿಹೋಗದಿರುವುದು ಒಂದೇ: ಒಂದು ಒಳ್ಳೆಯ ಚಲಿಸುವ ಚಿತ್ರವನ್ನು ಕಟ್ಟಿ, ಪ್ರಶ್ನೆಗಳನ್ನು ಹೆಣೆಯಲು ಅಧ್ಯಾಪಕರಿಗೆ ಬೇಕಾಗುವ ಗಂಟೆಗಟ್ಟಲೆ ಸಮಯ. ಉಪಕರಣಕ್ಕೆ ಹಣ ಮಂಜೂರು ಮಾಡುವ ಯಾವ ಸಭೆಯಲ್ಲಿಯೂ ಆ ಸಮಯವನ್ನು ಮಂಜೂರು ಮಾಡಿದ್ದನ್ನು ನಾನು ಕಂಡಿಲ್ಲ.

ಎರಡನೆಯ ವರ್ಷದ ವ್ಯವಸ್ಥೆ ಹೀಗಿದೆ. ಪರದೆ ಸ್ಟ್ಯಾಂಡಿನ ಮೇಲೆ ಕಿಟಕಿಗೆ ಬೆನ್ನು ಮಾಡಿ ಓರೆಯಾಗಿ ನಿಂತಿರುತ್ತದೆ, ಇಡೀ ಕರಿಹಲಗೆ ತೆರೆದಿರುತ್ತದೆ. ಚಲಿಸಬೇಕಾದುದು ಪರದೆಯ ಮೇಲೆ, ಉಳಿಯಬೇಕಾದುದು ಹಲಗೆಯ ಮೇಲೆ. ಬಿಂದು ಸರಿದಾಗ ಕೋನ ಬದಲಾಗದಿರುವುದನ್ನು ಪರದೆಯಲ್ಲಿ ಕಂಡ ಮಕ್ಕಳು, ಅದರ ಕಾರಣವನ್ನು ಸೀಮೆಸುಣ್ಣದಲ್ಲಿ ಹಂತ ಹಂತವಾಗಿ ಬರೆಯುತ್ತಾರೆ, ತಪ್ಪಿದ ಹಂತವನ್ನು ಎಲ್ಲರೆದುರು ಅಳಿಸಿ ತಿದ್ದುತ್ತಾರೆ. ತೋರಿಸುವುದು ಮುಗಿದ ಕೂಡಲೇ ಪರದೆಯನ್ನು ಕಪ್ಪಾಗಿಸುತ್ತೇನೆ, ಏಕೆಂದರೆ ಬೆಳಗುತ್ತಿರುವ ಪರದೆಯ ಎದುರು ಹಲಗೆಯ ಕಡೆ ನೋಡುವ ಕಣ್ಣುಗಳು ಬಹಳ ಕಡಿಮೆ. ನಲವತ್ತು ನಿಮಿಷದ ಅವಧಿಯಲ್ಲಿ ಪರದೆ ಬೆಳಗುವುದು ಸರಾಸರಿ ಎಂಟು ಹತ್ತು ನಿಮಿಷ. ಕೆಲವು ದಿನ ಬೆಳಗುವುದೇ ಇಲ್ಲ. ಸಾಧನೆಗಳ ನಡುವಿನ ಹಂತಗಳು ಮಕ್ಕಳ ಉತ್ತರಪತ್ರಿಕೆಗಳಿಗೆ ಮರಳಿ ಬಂದಿವೆ.

ಈ ಬಗೆಯ ಪ್ಯಾನೆಲ್ ಕೊಳ್ಳಲು ಹೊರಟಿರುವ ಶಾಲೆಗಳಿಗೆ, ಕೊಳ್ಳಿ ಎಂದೇ ಹೇಳುತ್ತೇನೆ, ಆದರೆ ಕರಿಹಲಗೆಗೆ ಒಂದು ಮೊಳೆಯನ್ನೂ ಹೊಡೆಯಲು ಬಿಡದೆ ಗಾಲಿಯ ಸ್ಟ್ಯಾಂಡನ್ನೇ ಕೇಳಿ ಪಡೆಯಿರಿ. ಖರೀದಿಗೆ ಮೊದಲು ಯಂತ್ರವನ್ನು ನಿಮ್ಮದೇ ಕೊಠಡಿಗೆ ತರಿಸಿ, ಬೆಳಗಿನ ಬಿಸಿಲಿನಲ್ಲಿ ಹಚ್ಚಿ, ಒತ್ತಕ್ಷರಗಳಿರುವ ಒಂದು ಪೂರ್ತಿ ವಾಕ್ಯವನ್ನು ಕೈಯಿಂದ ಬರೆದು, ಅದನ್ನು ಕೊನೆಯ ಬೆಂಚಿನಿಂದ ಓದಿನೋಡಿ. ಒಳಗಿನ ಸಾಫ್ಟ್‌ವೇರಿಗೆ ಎಷ್ಟು ವರ್ಷ ಭದ್ರತಾ ನವೀಕರಣ ಸಿಗುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿ. ಗಾಜು ಹತ್ತು ವರ್ಷ ಬಾಳಬಹುದು, ಒಳಗಿನ ಗಣಕ ಅಷ್ಟು ಬಾಳುವುದಿಲ್ಲ, ಅದನ್ನು ಮಾತ್ರ ಬದಲಾಯಿಸಲು ಬರುವಂಥ ಮಾದರಿಯೇ ಬೇಕು. ಇಂಟರ್ನೆಟ್ ತಂತಿಯನ್ನು ಕಿತ್ತು, ಜಿಯೋಜಿಬ್ರಾ ಮತ್ತು ಇಳಿಸಿಟ್ಟ ಫೆಟ್ ಪ್ರಯೋಗಗಳು ಆಗಲೂ ನಡೆಯುತ್ತವೆಯೇ ಎಂದು ಪರೀಕ್ಷಿಸಿ. ಆ ದಿನ ತಪ್ಪದೆ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕರೆದು, ಅದರಲ್ಲೂ ಕಣ್ಣು ಸರಿಯಾಗಿ ಕಾಣದ ಮಗುವೊಂದು ಶಾಲೆಯಲ್ಲಿದ್ದರೆ ಅದನ್ನೇ ಮೊದಲು ಕರೆದು, ಪರದೆಯ ಮುಂದೆ ಕೂರಿಸಿ, ಏನು ಕಾಣುತ್ತದೆ ಎಂದು ಕೇಳಿ.